ಕಷ್ಟ ನನ್ನ ತಿದ್ದಿಲ್ಲರಿ ಅಕ್ಕಾರ, ಕೆಡಿಸೇತಿ

ಈ ತಿಂಗಳು ಮೂರೇ ಪತ್ರಕ್ಕ ಉತ್ತರ ಬರದೀನ್ರಿ, ಯಾಕಂದ್ರ ಮೊದಲನೇದು ಓದಿದ ಮ್ಯಾಲ ಎರಡು ದಿನ ನನಗ ಬ್ಯಾರೆ ಏನೂ ಬರಿಯಾಕ ಆಗ್ಲಿಲ್ಲ. ಹೆಸರು ಹಾಕಬ್ಯಾಡ್ರಿ ಅಂತ ಮೂರೂ ಮಂದಿ ಕೇಳ್ಯಾರ, ಹಾಕಂಗಿಲ್ಲ. ಉಳದೋರು ಸಿಟ್ಟಾಗಬ್ಯಾಡ್ರಿ, ನಿಮ್ಮ ಪತ್ರ ನನ್ನ ಟೇಬಲ್ ಮ್ಯಾಲೇ ಅದಾವು.

ಪ್ರಶ್ನೆ: ಅಕ್ಕಾರ, ನಾವು ಬೆಟಗೇರಿಯವರು. ನಮ್ಮ ಮನಿಯವ್ರಿಗೆ ಎರಡೂ ಕಿಡ್ನಿ ಹೋಗಿ ಮೂರು ವರ್ಷ ಆತು, ವಾರಕ್ಕ ಎರಡು ಸಲ ಡಯಾಲಿಸಿಸ್. ಇದ್ದ ಎರಡು ಮಗ್ಗ ಮಾರಿದ್ವಿ, ನಾನು ಈಗ ಒಬ್ಬರ ಮನ್ಯಾಗ ಅಡಗಿ ಮಾಡಾಕ ಹೋಗ್ತೀನಿ. ಭಾನುವಾರ ಚರ್ಚಿಗೆ ಹೋದ್ರ ಎಲ್ಲಾರದೂ ಒಂದ ಮಾತು, ದೇವ್ರು ನಿಮ್ಮನ್ನ ತಿದ್ದಾಕತ್ಯಾನ, ಬಂಗಾರ ಬೆಂಕ್ಯಾಗ ಹಾಕಿದ್ರನ ಹೊಳೀತೈತಿ ಅಂತ. ನನಗೂ ಆ ಮಾತಿನ ಮ್ಯಾಲ ನಂಬಿಕಿ ಇತ್ತು, ಸುಳ್ಳ್ಯಾಕ ಹೇಳ್ಲಿ. ಆದ್ರ ಈಗ ನನ್ನ ನಾ ನೋಡ್ಕೊಂಡ್ರ ಚೊಲೋ ಆಗಿಲ್ಲ, ಕೆಟ್ಟೀನಿ. ಮೊದಲ ನಗನಗತಾ ಇರಾಕಿ ನಾನು. ಈಗ ಅತ್ತಿ ಒಂದು ಲೋಟ ನೀರು ಕೇಳಿದ್ರ ಮೈ ಉರೀತೈತಿ. ಹೋದ ವಾರ ಓಣ್ಯಾಗ ಒಬ್ಬರು ಮಗಳ ಮದುವಿ ಗೊತ್ತಾತು ಅಂತ ಪೇಢೆ ತಂದುಕೊಟ್ರು, ನಕ್ಕೊಂತ ಇಸ್ಕೊಂಡು ಒಳಗ ಹೋಗಿ ಡಬ್ಬಿ ಸಮೇತ ಕಸದಾಗ ಹಾಕಿದೆ. ಕಷ್ಟ ಮನಷ್ಯಾರನ್ನ ತಿದ್ದತೈತಿ ಅಂದ್ರ ನನ್ನ ಯಾಕ ತಿದ್ದವಲ್ದು? ದೇವ್ರು ಫೇಲಾದನೋ, ನಾ ಫೇಲಾದೆನೋ?

ಉತ್ತರ: ನೋಡವಾ ತಂಗಿ, ಆ ಪೇಢೆದ ಮಾತು ನೀ ಬರದಿದ್ದಕ್ಕ ನಾ ಹಿಂಗ ಬರಿಯಾಕ ಕುಂತೀನಿ, ಇಲ್ಲಾಂದ್ರ ನಾನೂ ನಾಕು ವಚನ ಬರದು ಕೈ ತೊಳಕೊಂತಿದ್ನೋ ಏನೋ. ನಮ್ಮ ಮನಿಯವ್ರು ಲಕ್ವಾ ಹೊಡದು ನಾಕು ವರ್ಷ ಹಾಸಿಗಿ ಮ್ಯಾಲ ಇದ್ರು. ಸಾಲಿ ನೌಕರಿ, ಮನಿ, ಅವರ ಸೇವಾ ಎಲ್ಲಾ ನಾನ. ಒಂದಿನ ರಾತ್ರಿ ಗಂಜಿ ಕುಡಸೂ ಮುಂದ ಅವರು ಬಾಯಾಗಿಂದು ಹೊರಗ ಬಿಟ್ರು, ಹೊದಿಕಿ ಮ್ಯಾಲ ಬಿತ್ತು, ಅದ ಹೊದಿಕಿ ಅವತ್ತ ಮುಂಜಾನಿ ಒಗದು ಒಣಗಿಸಿದ್ದೆ. ನಾ ಬಟ್ಲಾ ತಗೊಂಡು ಗ್ವಾಡಿಗೆ ಒಗದೆ. ಸ್ಟೀಲಿನ ಬಟ್ಲಾ, ಒಡೀಲಿಲ್ಲ, ಗಿರಗಿರ ತಿರಗಿ ಕಾಟಿನ ಬುಡಕ ಹೋತು, ಅವರು ಮೊದಲ ಅದು ಹೋದ ಕಡೆ ನೋಡಿದ್ರು, ಆಮ್ಯಾಲ ನನ್ನ ನೋಡಿದ್ರು. ಮರುದಿನ ಭಾನುವಾರ. ಆರಾಧನಿ ಮುಗದ ಮ್ಯಾಲ ಒಬ್ಬರು ನನ್ನ ಎರಡೂ ಕೈ ಹಿಡದು "ಏನ್ ತಾಳ್ಮಿರಿ ಅಕ್ಕಾರ ನಿಮ್ದು, ದೇವ್ರು ನಿಮ್ಮನ್ನ ಎಷ್ಟು ಚಂದ ರೂಪಿಸ್ಯಾನ" ಅಂದ್ರು. ನಾ ಸ್ತೋತ್ರ ಅಂದು ಆಟೋ ಹತ್ತಿದೆ.

ಹಂಗಾಗಿ ಕಷ್ಟ ತಾನಾಗೇ ಮನಷ್ಯಾರನ್ನ ಚೊಲೋ ಮಾಡ್ತೈತಿ ಅನ್ನೂ ಮಾತು ನನಗ ಗಂಟಲದಾಗ ಇಳಿಯಂಗಿಲ್ಲ. ಕಷ್ಟ ಪಟ್ಟು ಕಲ್ಲಾದೋರನ್ನೂ ನೋಡೀನಿ. ಇದಕ್ಕ ಎಲ್ಲಾರೂ ಹಿಡಕೊಳ್ಳೂದು ಬೈಬಲಿನ್ಯಾಗ ರೋಮಾಪುರದವರಿಗೆ ಬರದ ಪತ್ರಿಕೆಯ 5ನೇ ಅಧ್ಯಾಯ, ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಪಕ್ವತನ, ಅದರಿಂದ ನಿರೀಕ್ಷೆ ಅಂತ ಅಪೊಸ್ತಲ ಪೌಲ ಒಂದಕ್ಕೊಂದು ಕೊಂಡಿ ಹಾಕ್ಯಾನಲ್ಲ, ಅದು. 3 ಮತ್ತ 4ನೇ ವಚನ ಓದಿ ಪುಸ್ತಕ ಮುಚ್ಚಿಬಿಡ್ತಾರ, ನನಗ ಸಿಟ್ಟು ಬರೂದು ಅದಕ್ಕ. 5ನೇ ವಚನದಾಗ ಅಂವ ಕಾರಣ ಹೇಳ್ಯಾನ, ದೇವರ ಪ್ರೀತಿ ಪವಿತ್ರಾತ್ಮನ ಮೂಲಕ ನಮ್ಮ ಎದಿಯೊಳಗ ಸುರಿದೈತಿ ಅಂತ. ಅಂದ್ರ ಆ ಕೊಂಡಿ ಎಲ್ಲಾ ಜೋತುಬಿದ್ದಿದ್ದು ಆ ಪ್ರೀತಿ ಅನ್ನೂ ಗೂಟಕ್ಕ. ಆ ಗೂಟ ಕಿತ್ತು ಬರೇ ಉಪದ್ರವ ಕೈಯಾಗ ಕೊಟ್ರ ಯಾರಿಗೆ ಏನ್ ಹುಟ್ಟತೈತಿ ಹೇಳು, ನಿಂಗ ಹುಟ್ಟಿದಂಗ ಮೈ ಉರಿ ಹುಟ್ಟತೈತಿ.

ಅಲ್ಲಿ ತಾಳ್ಮೆ ಅನ್ನೂದಕ್ಕ ಗ್ರೀಕಿನ್ಯಾಗ ಇರೂದು ಹುಪೊಮೊನೆ ಅನ್ನೂ ಶಬ್ದ, ಕೆಳಗ ನಿಂತಿರೂದು ಅಂತ ಅದರ ಮೂಲ, ಭಾರದ ಬುಡಕ ಬಿಟ್ಟು ಓಡದ ನಿಂತಿರೂದು. ನಮ್ಮ ಕನ್ನಡದಾಗೂ ಹಂಗ ಐತಿ ನೋಡು, ತಾಳ್ಮೆ ಬಂದಿದ್ದು ತಾಳು ಅನ್ನೂದರಿಂದ, ಈ ತೊಲಿ ಮಾಳಿಗಿ ಭಾರ ತಾಳತೈತೇನೋ ಅಂತ ಬಡಿಗ್ಯಾರನ್ನ ಕೇಳ್ತೀವಲ್ಲ, ಆ ತಾಳು. ಮಳಿಗಾಲದಾಗ ಮಣ್ಣಿನ ಮಾಳಿಗಿ ನೀರು ಕುಡದು ಭಾರ ಆದಾಗ ತೊಲಿ ರಾತ್ರಿ ಕಿರ್ ಕಿರ್ ಅಂತೈತಿ, ನಮ್ಮ ಅಜ್ಜಿ ಮನ್ಯಾಗ ಅದನ್ನ ಕೇಳ್ಕೊಂತ ಮಲಗೀನಿ. ಕಿರ್ ಅಂದ ಕೂಡ್ಲೆ ತೊಲಿ ಸುಳ್ಳು ಅಂತ ಯಾರೂ ಅನ್ನಂಗಿಲ್ಲ, ಮ್ಯಾಲ ಭಾರ ಭಾಳ ಆಗೇತಿ ಅಂತಾರ, ಮಣ್ಣು ಇಳಸ್ತಾರ. ನೀ ಮೂರು ವರ್ಷದಿಂದ ವಾರಕ್ಕೆರಡು ಸಲ ಗಂಡನ್ನ ಕರ್ಕೊಂಡು ಹೋಗಿ ಬರಾಕತ್ತಿ, ಮಂದಿ ಮನ್ಯಾಗ ಅಡಗಿ ಮಾಡಿ ಬಂದು ಮತ್ತ ಮನ್ಯಾಗೂ ಒಲಿ ಹಚ್ಚಾಕತ್ತಿ, ಅತ್ತಿಗೆ ಸಿಟ್ಟಿಲೆ ಆದ್ರೂ ನೀರು ಕೊಡಾಕತ್ತಿ. ನೀ ಇನ್ನೂ ಅದರ ಕೆಳಗ ನಿಂತೀಯವಾ.

ಇನ್ನ ಬೆಂಕಿ ಬಂಗಾರದ ಮಾತು ಹೇಳಾಕ ಬರೋರದ್ದು. ಬೈಬಲಿನ್ಯಾಗ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳಕೊಂಡ ಯೋಬನ ಮೂರು ಮಂದಿ ಗೆಳೆಯಾರು ಮೊದಲ ಏಳು ಹಗಲು ಏಳು ರಾತ್ರಿ ಅಂವನ ಜೋಡಿ ನೆಲದ ಮ್ಯಾಲ ಮಾತಿಲ್ದ ಕುಂತಿದ್ರು, ಅಷ್ಟೂ ದಿನ ಅವರದು ಏನೂ ತಪ್ಪಿಲ್ಲ. ಬಾಯಿ ತಗದು ಕಾರಣ ಹೇಳಾಕ ಶುರು ಮಾಡಿದ್ರು ನೋಡು, ಕೆಡ್ತು. ಕಡೀಕ ದೇವ್ರು, ನೀವು ನನ್ನ ವಿಷಯದಾಗ ನನ್ನ ಸೇವಕ ಯೋಬನಂಗ ಸರಿಯಾಗಿ ಮಾತಾಡಲಿಲ್ಲ ಅಂತ ಅವರಿಗೇ ಬೈದ. ಯೋಬ ಏನ್ ಕಡಿಮಿ ಮಾತಾಡಿದ್ನ? ಹುಟ್ಟಿದ ದಿನಾನ ಶಪಿಸಿದಾಂವ ಅಂವ. ಮತ್ತ ಸೈತಾನನ ಜೋಡಿ ದೇವರದು ಮ್ಯಾಲ ಸ್ವರ್ಗದಾಗ ಏನ್ ಮಾತುಕತಿ ಆಗಿತ್ತು ಅನ್ನೂದು ಓದೋ ನಮಗ ಗೊತ್ತು, ಯೋಬಗ ದೇವ್ರು ಅದನ್ನ ಕಡೀತನಕ ಹೇಳಲೇ ಇಲ್ಲ. ಮುಂದಿನ ಸಲ ಯಾರಾದ್ರೂ ಬಂದು ನಿನ್ನ ಕಷ್ಟದ ಕಾರಣ ಬಿಡಿಸಿ ಹೇಳಿದ್ರ ಯೋಬಗ ಗೊತ್ತಾಗದ್ದು ಇವರಿಗೆ ಹೆಂಗ ಗೊತ್ತಾತು ಅಂತ ಮನಸಿನ್ಯಾಗ ಕೇಳ್ಕೋ, ಬಾಯಿಲೆ ಕೇಳಬ್ಯಾಡ, ಸಭೆಯೊಳಗ ಜಗಳ ಆಗ್ತೈತಿ.

ತಾಳಲಾರದಷ್ಟು ದೇವ್ರು ಕೊಡಂಗಿಲ್ಲ ಅನ್ನೂದೂ ಒಂದು ಐತಿ, ಅದನ್ನೂ ನಿಂಗ ಹೇಳಿರ್ತಾರ. ಅದು 1 ಕೊರಿಂಥ 10:13, ಅಲ್ಲಿ ಹಿಂದಿನ ವಚನ ಓದಿದ್ರ ವಿಗ್ರಹ, ವ್ಯಭಿಚಾರ, ಗೊಣಗೂದು ಇಂಥಾ ಪಾಪದ ಶೋಧನೆ, ಅಂದ್ರ ಸೆಳೆತದ ಬಗ್ಗೆ ಪೌಲ ಮಾತಾಡಾಕತ್ತಾನ, ಕಿಡ್ನಿ ಬಗ್ಗೆ ಅಲ್ಲ. ಅದ ಪೌಲ ಅದ ಊರಿನವರಿಗೆ ಇನ್ನೊಂದು ಪತ್ರ ಬರದಾಗ ಮೊದಲನೇ ಅಧ್ಯಾಯದಾಗ, ನಮ್ಮ ಶಕ್ತಿ ಮೀರಿ ಭಾರ ಬಿತ್ತು, ಜೀವದ ಆಸೆನ ಬಿಟ್ಟಿದ್ವಿ ಅಂತ ಒಪ್ಪಕೊಂಡಾನ.

ಈಗ ನಿನ್ನ ಖರೆ ಪ್ರಶ್ನೆಕ್ಕ ಬರ್ತೀನಿ. ಹಿಂದೊಮ್ಮೆ ಒಬ್ಬರು ಪಾಸ್ಟರ್ ಪ್ರಸಂಗದಾಗ, ನಮ್ಮ ಜೀವನ ಕಸೂತಿ ಬಟ್ಟಿ ಇದ್ದಂಗ, ನಾವು ಹಿಂದಿನ ಗಂಟು ಗೋಜಲು ನೋಡ್ತೀವಿ, ದೇವ್ರು ಮುಂದಿನ ಚಿತ್ತಾರ ನೋಡ್ತಾನ ಅಂದ್ರು. ನನ್ನ ಬಾಜೂಕ ಕುಂತ ನಮ್ಮವ್ವ "ಇಂವಗ ಕಸೂತಿ ಗೊತ್ತಿಲ್ಲ" ಅಂತ ನನ್ನ ಕಿವ್ಯಾಗ ಅಂದ್ಲು. ಖರೇನ. ನಮ್ಮ ಧಾರವಾಡದ ಕಸೂತಿಯೊಳಗ ಗಂಟು ಹಾಕೂದೇ ಇಲ್ಲ, ಗಾವಂತಿ, ಮುರಗಿ ಅನ್ನೂ ಹೊಲಿಗಿ ಹಾಕಿದ್ರ ಹಿಂದೂ ಮುಂದೂ ಒಂದ ಥರ ಕಾಣಬೇಕು, ಹಿಂದ ಗೋಜಲಿದ್ರ ಆಕಿಗೆ ಹಾಕಾಕ ಬರಂಗಿಲ್ಲ ಅಂತ ಅರ್ಥ. ನಾ ಆ ನಾಕು ವರ್ಷ ರಾತ್ರಿ ನಿದ್ದಿ ಹತ್ತಬಾರ್ದು ಅಂತ ಅವರ ಕಾಟಿನ ಬಾಜೂಕ ಕುಂತು ಕಸೂತಿನ ಹಾಕ್ತಿದ್ದೆ. ಗಾವಂತಿ ಹಾಕೂದು ಹೆಂಗ ಅಂದ್ರ, ಬಟ್ಟಿ ಎಳಿ ಎಣಿಸ್ಕೊಂತ ಒಂದು ಹೊಲಿಗಿ ಹಾಕೂದು ಒಂದು ಬಿಡೂದು, ಒಂದು ಹಾಕೂದು ಒಂದು ಬಿಡೂದು, ಹಂಗ ಸಾಲಿನ ತುದಿ ಮುಟ್ಟೂದು. ಹೋಗೂ ಮುಂದ ಬರೇ ತುಂಡು ತುಂಡು, ನಡುವ ಖಾಲಿ. ತುದಿ ಮುಟ್ಟಿದ ಮ್ಯಾಲ ತಿರಗಿ ಬರಬೇಕು, ಬಂದ ದಾರ್ಯಾಗ, ಅವ ತೂತಿನ್ಯಾಗ ಸೂಜಿ ಹಾಕಿ, ಖಾಲಿ ಬಿಟ್ಟಿದ್ದನ್ನ ತುಂಬಿಕೊಂತ. ತಿರಗಿ ಬರೂ ಮುಂದ ಗೆರಿ ಪೂರಾ ಆಗ್ತೈತಿ. ನೀ ಈಗ ಹೋಗೂ ಸಾಲಿನ್ಯಾಗ ಅದಿ ತಂಗಿ, ನಡುವ ನಿಂತು ಬಟ್ಟಿ ತಿರುವಿ ನೋಡಿ ಚಿತ್ತಾರ ಎಲ್ಲೈತಿ ಅಂತ ಕೇಳಾಕತ್ತಿ. ಇಬ್ರಿಯರಿಗೆ ಬರದ ಪತ್ರಿಕೆಯ 12ನೇ ಅಧ್ಯಾಯದಾಗೂ ಹಂಗ ಹೇಳೇತಿ, ಶಿಕ್ಷೆ ಆ ಹೊತ್ತಿಗೆ ದುಃಖಾನ ಅನಸ್ತೈತಿ, ಫಲ ಬರೂದು ತರುವಾಯ ಅಂತ. ಆ ತರುವಾಯ ಅನ್ನೂ ಶಬ್ದ ಬಿಟ್ಟು ಓದಬಾರ್ದು.

ನನಗ ಆ ತರುವಾಯ ಯಾವಾಗ ಬಂತು ಅಂದ್ರ, ಅವರು ತೀರ್ಕೊಂಡು ಎರಡು ವರ್ಷ ಆಗಿತ್ತು. ಅವರಿದ್ದಾಗ ನಮ್ಮ ಓಣಿಯ ಒಬ್ಬಾಕಿ ಮುಸಲ್ಮಾನರ ಹೆಣ್ಮಗಳು ಪ್ರತಿ ಮಂಗಳವಾರ ಮಧ್ಯಾಹ್ನ ಬಂದು ಮೂರು ತಾಸು ಅವರ ಹತ್ರ ಕುಂದರ್ತಿದ್ಲು, ನಾ ಒಳಗ ಹೋಗಿ ಮಲಗ್ಲಿ ಅಂತ. ಆಕಿ ಒಂದಿನಾನೂ ದೇವರು ದಿಂಡರು ಮಾತಾಡ್ಲಿಲ್ಲ. ಭಾಂಡೆ ಇದ್ರ ಬೆಳಗಿಟ್ಟು ಹೋಗ್ತಿದ್ಲು. ಎರಡು ವರ್ಷದ ಮ್ಯಾಲ ನನ್ನ ಜೋಡಿ ಕೆಲಸ ಮಾಡೂ ಟೀಚರ್ ಒಬ್ಬರ ಮಗಾ ಆಕ್ಸಿಡೆಂಟ್ ಆಗಿ ಮಲಗಿದ್ದ, ನೋಡಾಕ ಹೋದೆ, ಹೋದಾಕಿ ಒಂದು ಮಾತೂ ಆಡ್ದ ಅಡಗಿ ಮನಿಗೆ ಹೋಗಿ ಭಾಂಡೆ ಬೆಳಗಾಕ ನಿಂತಿದ್ದೆ. ಅರ್ಧಾ ಬೆಳಗಿದ ಮ್ಯಾಲ ನನಗ ಗೊತ್ತಾತು, ಇದು ನಾನಲ್ಲ. ಹಿಂದಿನ ನಾನಾಗಿದ್ರ ಬಾಜೂಕ ಕುಂತು ವಚನ ಹೇಳಿ, ಉದ್ದಂದು ಪ್ರಾರ್ಥನಿ ಮಾಡಿ, ಚಾ ಕುಡದು ಬರ್ತಿದ್ದೆ. ಅದ ತೂತು, ತಿರಗಿ ಬಂದ ದಾರ. ಇಷ್ಟ ನೋಡು ನಂದು ಸಾಕ್ಷಿ, ದೊಡ್ಡದೇನಲ್ಲ. ಸಿಟ್ಟು ನನಗ ಇವತ್ತಿಗೂ ಐತಿ.

ಆದ್ರ ಅಲ್ಲೀತನಕ ಏನ್ ಮಾಡೂದು ಅಂತೀಯಲ್ಲ. 1 ಅರಸುಗಳು 19 ಓದು. ಎಲೀಯ ಅನ್ನೂ ಪ್ರವಾದಿ ಒಂದು ಗಿಡದ ಬುಡಕ ಬಿದ್ದು, ಸಾಕು ಕರ್ತನೇ, ನನ್ನ ಜೀವ ತಗೋ ಅಂತಾನ. ದೇವದೂತ ಬಂದು ಏನ್ ಪಾಠ ಹೇಳಿದ? ಏನೂ ಇಲ್ಲ. ಕೆಂಡದ ಮ್ಯಾಲ ಸುಟ್ಟ ರೊಟ್ಟಿ, ಒಂದು ತಂಬಿಗಿ ನೀರು. ತಿಂದು ಮತ್ತ ಮಲಗಿದ, ಮತ್ತ ಎಬ್ಬಿಸಿ ಮತ್ತ ಉಣಸಿದ, ನಿನ್ನ ದಾರಿ ನಿನ್ನ ಶಕ್ತಿಗೆ ಮೀರಿದ್ದೈತಿ ಅಂದ. ನೀ ಕೆಟ್ಟಿಲ್ಲವಾ, ದಣದೀ. ಡಯಾಲಿಸಿಸ್ ಒಂದು ಸಲಕ್ಕ ನಾಕು ತಾಸು ಹಿಡೀತೈತಿ, ಆ ನಾಕು ತಾಸು ಹೊರಗ ಬೆಂಚಿನ ಮ್ಯಾಲ ಮೊಬೈಲ್ ನೋಡ್ಕೊಂತ ಕುಂದ್ರಬ್ಯಾಡ, ಸ್ತ್ರೀಯರ ಕೂಟದಾಗ ಯಾರಿಗಾದ್ರೂ ಹೇಳು, ತಿದ್ದಾಕತ್ಯಾನ ಅಂದೋರಿಗೇ ಹೇಳು, ಒಂದು ಪಾಳಿ ನೀವು ಕುಂದರ್ರಿ ನಾ ಮನಿಗೆ ಹೋಗಿ ಮಲಗತೀನಿ ಅಂತ. ಬರ್ತಾರ, ಕೇಳಿದ್ರ ಬರ್ತಾರ, ನಾವು ಕೇಳಂಗಿಲ್ಲ ಅಷ್ಟ. ಮತ್ತ ನೀ ರೊಕ್ಕ ಕೊಟ್ಟು ಡಯಾಲಿಸಿಸ್ ಮಾಡಸಾಕತ್ತಿದ್ರ ಬಿಪಿಎಲ್ ಕಾರ್ಡ್ ತಗೊಂಡು ಜಿಲ್ಲಾ ಆಸ್ಪತ್ರಿಯೊಳಗ ಒಮ್ಮೆ ವಿಚಾರಿಸು, ಬಡವರಿಗೆ ಪುಕ್ಕಟೆ ಮಾಡೂ ಸರ್ಕಾರದ ಯೋಜನಾ 2016ರಿಂದ ಐತಿ.

ಪ್ರಾರ್ಥನಿಗೆ ಮಾತು ಬರವಲ್ದು ಅಂದ್ರ 13ನೇ ಕೀರ್ತನೆ ಓದು, ಎಲ್ಲೀತನಕ ಎಲ್ಲೀತನಕ ಅಂತ ದಾವೀದ ನಾಕು ಸಲ ಕೇಳ್ತಾನ. ಅದೂ ಆಗವಲ್ದು ಅಂದ್ರ 88, ಅದು ಸಮಾಧಾನಕ್ಕ ಬರೂದೇ ಇಲ್ಲ, ಕತ್ತಲಿ ಅನ್ನೂ ಮಾತಿನ ಮ್ಯಾಲ ನಿಂತಬಿಡ್ತೈತಿ, ಅಂಥಾದ್ದನ್ನೂ ದೇವ್ರು ತನ್ನ ಪುಸ್ತಕದಾಗ ಇಟ್ಕೊಂಡಾನ. ಪೇಢೆ ಸಂಗತಿನೂ ಅಂವಗ ಹೇಳು. ಯಾಕೋಬನ ಪತ್ರಿಕೆ ಮೊದಲನೇ ಅಧ್ಯಾಯದಾಗ ಕಷ್ಟದ ಮಾತು ಮುಗದ ಕೂಡ್ಲೆ, ಕೇಳಿದವರಿಗೆ ದೇವ್ರು ಹಂಗಿಸದ ಕೊಡ್ತಾನ ಅಂತ ಐತಿ. ಹಂಗಿಸೂದು ಅಂದ್ರ ಏನಂತ ಮಂದಿ ಮನ್ಯಾಗ ಕೆಲಸ ಮಾಡೂ ನಿಂಗ ನಾ ಹೇಳಬೇಕಾಗಿಲ್ಲ. ಮದುವಿಗೆ ಹೋಗೂದು ಬಿಡೂದು ನಿಂಗ ಬಿಟ್ಟಿದ್ದು.

ಪ್ರಶ್ನೆ: ಟೀಚರ್ರೀ, ನಾನು ಹುಬ್ಬಳ್ಳಿ ಗೋಕುಲ ರೋಡಿನ ಕಡೆ ಒಂದು ಕಂಪನಿಯೊಳಗ ಕೆಲಸಾ ಮಾಡ್ತೀನಿ, ವಯಸ್ಸು 26. ಪಗಾರದಾಗ ಪಿಎಫ್ ಅಂತ ಕಟ್ ಮಾಡ್ತಾರ ಆದ್ರ 14 ತಿಂಗಳದಿಂದ ಖಾತೆಕ್ಕ ತುಂಬಿಲ್ಲ. ಕಂಪ್ಲೇಂಟ್ ಕೊಡೂಣು ಅಂದ್ರ ನಮ್ಮ ಪ್ರಾರ್ಥನಾ ಕೂಟದ ಹಿರಿಯರು, ವಕ್ರಬುದ್ಧಿಯ ಯಜಮಾನನಿಗೂ ಅಧೀನ ಆಗಿರು ಅಂತ ಯೇಸುವಿನ ಶಿಷ್ಯ ಪೇತ್ರ ಬರದಾನ, ಇದು ನಿನ್ನ ಗುಣ ರೂಪಿಸಾಕ ದೇವ್ರು ಇಟ್ಟ ಪರೀಕ್ಷೆ, ಸಹಿಸ್ಕೋ ಅಂತಾರ.

ಉತ್ತರ: ತಮ್ಮಾ, ನಿಮ್ಮ ಹಿರಿಯರ ಪಿಎಫ್ ಯಾರಾದ್ರೂ ತಿಂದಾರೇನು ಮೊದಲ ಕೇಳು. ಹೋಗ್ಲಿ ಬಿಡು, ಹಿರಿಯರು. ಪೇತ್ರ ಅದನ್ನ ಬರದಿದ್ದು ಕೋರ್ಟು ಕಚೇರಿ ಯಾವ ದಾರೀನೂ ಇಲ್ಲದ ಮನಿಯಾಳುಗಳಿಗೆ. ದಾರಿ ಇದ್ದೋರು ಏನ್ ಮಾಡಿದ್ರು ಅಂತ ಅಪೊಸ್ತಲರ ಕೃತ್ಯಗಳು ಓದಿ ನೋಡು. ಫಿಲಿಪ್ಪಿಯೊಳಗ ಪೌಲ ಸೀಲರಿಗೆ ವಿಚಾರಣೆ ಇಲ್ದ ಹೊಡದು ಜೇಲಿಗೆ ಹಾಕಿದ್ರು, ಮರುದಿನ ಗುಪ್ತಾಗಿ ಬಿಟ್ಟು ಕಳಸಾಕ ನೋಡಿದ್ರು, ಪೌಲ ಹೋಗ್ಲಿಲ್ಲ, ನಾವು ರೋಮಿನ ಪ್ರಜೆಗಳು, ಅಧಿಕಾರಿಗಳ ಬಂದು ಕರ್ಕೊಂಡು ಹೋಗ್ಲಿ ಅಂತ ಪಟ್ಟು ಹಿಡದ. ಮುಂದ ಯೆರೂಸಲೇಮಿನ್ಯಾಗ ಚಾಟಿಲೆ ಹೊಡಿಯಾಕ ಕಟ್ಟಿದಾಗ ಕಾನೂನು ಕೇಳಿದ, ಕಡೀಕ ರೋಮಿನ ಚಕ್ರವರ್ತಿ ಕೈಸರನ ಮುಂದ ಅಪೀಲು ಹಾಕಿದ. ಯೇಸುಸ್ವಾಮಿ ಸೈತ, ಮಹಾಯಾಜಕನ ಆಳು ಕಪಾಳಕ್ಕ ಹೊಡದಾಗ, ನಾ ತಪ್ಪು ಮಾತಾಡಿದ್ರ ತೋರಸು, ಇಲ್ಲಾಂದ್ರ ಯಾಕ ಹೊಡದಿ ಅಂತ ಕೇಳಿದ, ಯೋಹಾನ 18ರಾಗ ಐತಿ. ದೇವ್ರು ಕೆಟ್ಟದ್ದರೊಳಗಿಂದಾನೂ ಒಳ್ಳೇದು ತಗೀತಾನ, ಯೋಸೇಫನ್ನ ಅವನ ಅಣ್ಣಗೋಳು ಮಾರಿದ್ದು ಕೇಡು, ದೇವ್ರು ಅದನ್ನ ಒಳ್ಳೇದಕ್ಕ ತಿರುವಿದ. ಹಂಗಂತ ಅಣ್ಣಗೋಳು ಮಾಡಿದ್ದು ಚೊಲೋ ಅಂತ ಯೋಸೇಫ ಅನ್ನಲಿಲ್ಲ, ನೀವು ಕೇಡ ಬಯಸಿದ್ರಿ ಅಂತ ಮಾರಿ ಮುಂದ ಹೇಳಿದ.

ಇನ್ನ ಕೆಲಸದ ಮಾತು. ನಿನ್ನ ಪಿಎಫ್ ಖಾತೆಯ ಯುಎಎನ್ ನಂಬರ್ ಹಾಕಿ ಪಾಸ್‌ಬುಕ್ ಇಳಿಸ್ಕೋ, ತಿಂಗಳಾ ತಿಂಗಳಾ ಪಗಾರ ಚೀಟಿ ಜೋಡಿಸಿ ಇಟ್ಕೋ. ನಿನ್ನ ಪಾಲು ಅಂತ ಕಟ್ ಮಾಡೂ 12 ಪರ್ಸೆಂಟ್ ನಿನ್ನ ರೊಕ್ಕ, ಮಾಲಕನ ದಾನ ಅಲ್ಲ, ಕಟ್ ಮಾಡಿ ತುಂಬದ ಇದ್ರ ಕಾನೂನಿನ್ಯಾಗ ಅದು ನಂಬಿಕೆದ್ರೋಹದ ಅಪರಾಧ. ಪಿಎಫ್ ಆಫೀಸು ಹುಬ್ಬಳ್ಳಿಯೊಳಗ ಐತಿ, ಆನ್‌ಲೈನ್ ದೂರೂ ಕೊಡಬಹುದು. ಒಬ್ಬನ ಹೋಗಬ್ಯಾಡ, ನಿನ್ನಂಗ ರೊಕ್ಕ ಹೋದ ಉಳದೋರನ್ನೂ ಕರಿ. ಗುಣದ ಪರೀಕ್ಷೆ ನಿಂಗ ಬರೂದು ಅಲ್ಲಿ, ನಿನ್ನೊಬ್ಬಂದು ತುಂಬತೀವಿ ಸುಮ್ನಿರು ಅಂತ ಮಾಲಕ ಕರದು ಹೇಳ್ತಾನ ನೋಡು, ಆವಾಗ.

ಪ್ರಶ್ನೆ: ನಾನು ಬ್ಯಾಡಗಿಯೊಳಗ ಮೆಣಸಿನಕಾಯಿ ವ್ಯಾಪಾರಿ. ಪ್ರೀತಿಸೋ ಮಗನ್ನ ದೇವ್ರು ಶಿಕ್ಷಿಸ್ತಾನ, ಶಿಕ್ಷೆ ಇಲ್ದಾಂವ ಮಗಾನ ಅಲ್ಲ ಅಂತ ನೀವು ಯಾವಾಗ್ಲೂ ಹೇಳೂ ಇಬ್ರಿಯ 12ರಾಗ ಐತಿ. ನನಗ ದೇವರ ದಯಾದಿಂದ ಏನೂ ಕಷ್ಟ ಇಲ್ಲ. ಆರೋಗ್ಯ ಐತಿ, ಮಕ್ಕಳು ಸೆಟ್ಲ್ ಆಗ್ಯಾರ, ವ್ಯಾಪಾರ ಚೊಲೋ ಐತಿ. ನನ್ನ ಮ್ಯಾಲ ದೇವರಿಗೆ ಪ್ರೀತಿ ಇಲ್ಲೇನ್ರಿ?

ಉತ್ತರ: ಅಣ್ಣಾರ, ಈ ಪತ್ರ ಓದಿ ನಾ ನಕ್ಕೆ. ಒಂದ್ಸಲ ನಿಮ್ಮ ಮನಿಯವ್ರನ್ನ ಕೇಳ್ರಿ ಕಷ್ಟ ಐತೋ ಇಲ್ಲೋ ಅಂತ, ಅವರ ಉತ್ತರ ಬ್ಯಾರೆ ಇರಬಹುದು. ಕಷ್ಟ ಹುಡಿಕ್ಕೊಂಡು ಹೋಗೂ ಅಗತ್ಯ ಇಲ್ಲರಿ. ಆ ಪತ್ರ ಬರದಿದ್ದು ನಂಬಿಕಿ ಸಲುವಾಗಿ ಆಸ್ತಿ ಕಳಕೊಂಡೋರಿಗೆ, ಜೇಲಿನ್ಯಾಗ ಇದ್ದೋರ ಜೋಡಿ ನಿಂತೋರಿಗೆ, ಹತ್ತನೇ ಅಧ್ಯಾಯದಾಗ ಓದ್ರಿ. ಅವರಿಗೆ ಧೈರ್ಯ ಹೇಳಾಕ ಬರದ ಮಾತನ್ನ ನೀವು ಆರೋಗ್ಯ ಇದ್ದಿದ್ದಕ್ಕ ಹೆದರಾಕ ಉಪಯೋಗ ಮಾಡಾಕತ್ತೀರಿ.

ಒಬ್ಬರೊಬ್ಬರ ಭಾರ ಹೊತ್ಕೊಳ್ರಿ ಅಂತ ಗಲಾತ್ಯದವರಿಗೆ ಬರದೈತಿ, 6ನೇ ಅಧ್ಯಾಯ, 2ನೇ ವಚನ. ನಿಮ್ಮ ಹೆಗಲು ಖಾಲಿ ಐತಿ, ಅಷ್ಟ. ನಾ ಒಂದ್ಸಲ ಸೀಸನ್ನಿನ್ಯಾಗ ಬ್ಯಾಡಗಿಗೆ ಬಂದಿದ್ದೆ, ಬಸ್ ಇಳಿಯೂದಕ್ಕ ಸೀನು ಶುರುವಾತು. ಊರ ಹೊರಗ ನೆಲಾ ಎಲ್ಲಾ ಕೆಂಪು, ಒಂದು ಶೆಡ್ಡಿನ್ಯಾಗ ಸಾಲಾಗಿ ಕುಂತು ಹೆಣ್ಮಕ್ಕಳು ಕಾಯಿ ತೊಟ್ಟು ಬಿಡಸಾಕತ್ತಿದ್ರು, ಸೆರಗು ಮೂಗಿಗೆ ಸುತಗೊಂಡು. ಬ್ಯಾಡಗಿ ಕಾಯಿ ಬಣ್ಣ ಜಾಸ್ತಿ ಖಾರ ಕಡಿಮಿ ಅಂತೀರಿ, ಆದ್ರ ದಿನಾ ಪೂರ್ತಿ ಹಿಡದ ಕೈಗೆ ಕಡಿಮಿ ಏನಲ್ಲ. ಅವರೊಳಗ ಒಬ್ಬಾಕಿ ಮಗಾ ಹಾಲಿಗೆ ಅಳಾಕತ್ತಿದ್ದ, ಆಕಿ ಎದ್ದು ಹೋಗಿ ಕೈ ತೊಳಕೊಂಡ್ಲು, ಮತ್ತ ತೊಳಕೊಂಡ್ಲು, ಮೂಸಿ ನೋಡಿ ಮೂರನೇ ಸಲ ತೊಳಕೊಂಡು ಆಮ್ಯಾಲ ಕೂಸಿನ್ನ ಎತ್ತಿಗೊಂಡ್ಲು. ತೂಕದ ಲೆಕ್ಕದಾಗ ಕೂಲಿ ಇರಾಕಿಗೆ ಆ ಹೊತ್ತಿನ ರೊಕ್ಕ ಹೋತು.

ನಿಮ್ಮ ಗೋದಾಮಿನ್ಯಾಗೂ ತೊಟ್ಟು ಬಿಡಸೋರು ಇರ್ತಾರ. ಅವರ ಪೈಕಿ ನಾಕು ಮಂದಿ ಹೆಸರು, ಯಾರ ಮನ್ಯಾಗ ಏನೈತಿ ಅಂತ ತಿಳಕೊಂಡು ಬರೀರಿ, ನಿಮ್ಮ ಪ್ರಶ್ನೆಗೆ ಉಳದ ಉತ್ತರ ಅದನ್ನ ಓದಿದ ಮ್ಯಾಲ ಬರೀತೀನಿ.